ಹಂಗಾಮಿಗೆ ಮುನ್ನ ಅಂದಾಜು: ಫುಟ್‌ಬಾಲ್ ಅಂಕಪಟ್ಟಿ ಕಲಿಸುವ ಪಾಠ

ಮಳೆಗಾಲ ಮುಗಿದು ಕೊನೆಕೊಯ್ಲಿನ ದಿನಗಳು ಸಮೀಪಿಸುತ್ತಿದ್ದಂತೆ ಶಿರಸಿಯ ವಖಾರಿಗಳಲ್ಲಿ, ಸಿದ್ದಾಪುರದ ಅಡಿಕೆ ಪೇಟೆಯಲ್ಲಿ, ಯಲ್ಲಾಪುರದ ಅಂಗಡಿ ಜಗಲಿಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತದೆ: ಈ ಸಲದ ಹಂಗಾಮು ಹೇಗಾದೀತು? ಪ್ರಶ್ನೆಗೆ ಉತ್ತರಗಳಿಗೇನೂ ಕೊರತೆಯಿಲ್ಲ. ಕೊಳೆರೋಗ ಹೆಚ್ಚಾಗಿದೆ, ಆದ್ದರಿಂದ ಧಾರಣೆ ಏರುವುದು ಎನ್ನುವವರು ಒಬ್ಬರು. ಹಳೆಯ ದಾಸ್ತಾನು ಇನ್ನೂ ಉಳಿದಿದೆ, ಆದ್ದರಿಂದ ಇಳಿಯುವುದು ಎನ್ನುವವರು ಮತ್ತೊಬ್ಬರು. ಆದರೆ ಹಂಗಾಮು ಮುಗಿದ ಮೇಲೆ ಯಾರು ಏನು ಹೇಳಿದ್ದರು ಎಂಬುದು ಯಾರಿಗೂ ನೆನಪಿರುವುದಿಲ್ಲ. ಹೇಳಿದವರಿಗೂ ನೆನಪಿರುವುದಿಲ್ಲ. ಅಂದಾಜು ತಪ್ಪಿದ ನಷ್ಟ ಒಂದು ವರ್ಷದ್ದು. ಅದು ಏಕೆ ತಪ್ಪಿತೆಂಬುದು ತಿಳಿಯದೇ ಹೋದರೆ ಆ ನಷ್ಟ ವರ್ಷವರ್ಷವೂ ಮರುಕಳಿಸುತ್ತದೆ.

ಮುಂಬರುವ ಕಾಲದ ಬಗ್ಗೆ ಅಂದಾಜು ಮಾಡುವುದು ಒಂದು ವಿದ್ಯೆ. ಎಲ್ಲ ವಿದ್ಯೆಗಳಂತೆ ಅದನ್ನೂ ಅಭ್ಯಾಸದಿಂದಲೇ ಕಲಿಯಬೇಕು. ಅಭ್ಯಾಸಕ್ಕೆ ನಮ್ಮ ವ್ಯಾಪಾರದ ಲೆಕ್ಕಕ್ಕಿಂತ ಸುಲಭವಾದ, ಎಲ್ಲರಿಗೂ ತೆರೆದಿಟ್ಟ ಲೆಕ್ಕವೊಂದು ದೊರೆಯುವುದಾದರೆ ಒಳ್ಳೆಯದಲ್ಲವೇ? ಅಂಥ ಲೆಕ್ಕ ವೃತ್ತಿಪರ ಫುಟ್‌ಬಾಲ್ ಲೀಗ್‌ನಲ್ಲಿದೆ. ಪ್ರತಿ ಋತುವಿನ ಆರಂಭದಲ್ಲಿ ಎಲ್ಲ ತಂಡಗಳೂ ಸೊನ್ನೆ ಅಂಕದಿಂದ ಹೊರಡುತ್ತವೆ. ಗೆದ್ದರೆ 3 ಅಂಕ, ಸಮವಾದರೆ 1, ಸೋತರೆ ಸೊನ್ನೆ. ಋತುವಿನ ಕೊನೆಯಲ್ಲಿ ಅಂಕಪಟ್ಟಿ ಪ್ರಕಟವಾಗುತ್ತದೆ. ಯಾವ ತಂಡವೂ ತನ್ನ ಸೋಲನ್ನು ಬಚ್ಚಿಡಲಾರದು. ನಮ್ಮ ಮೂರು ತಾಲ್ಲೂಕುಗಳಲ್ಲಿ ವಾಲಿಬಾಲ್, ಕಬಡ್ಡಿ, ಕ್ರಿಕೆಟ್ಟುಗಳಷ್ಟು ಫುಟ್‌ಬಾಲ್ ಪ್ರಚಲಿತವಲ್ಲ ನಿಜ. ಆದರೂ ಬೆಂಗಳೂರಿನ ತಂಡವೊಂದರ ಎಂಟು ಋತುಗಳ ಅಂಕಗಳನ್ನು ಎದುರಿಗಿಟ್ಟುಕೊಂಡರೆ, ವ್ಯಾಪಾರಿಗೆ ಬೇಕಾದ ಪಾಠವೊಂದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ಅಭ್ಯಾಸಕ್ಕೆ ಲೇಖಕನನ್ನು ಹಚ್ಚಿದ್ದು ಸ್ವಂತ ನಷ್ಟ. ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಸಣ್ಣ ಘಟಕ ನಮ್ಮದು. ಈ ಉದ್ಯಮದಲ್ಲಿರುವವರಿಗೆ ತಿಳಿದಂತೆ, ಹಾಳೆಯನ್ನು ಬೇಸಿಗೆಯಲ್ಲಿಯೇ ಸಂಗ್ರಹಿಸಿ ಒಣಗಿಸಿಟ್ಟುಕೊಳ್ಳಬೇಕು. ಮಳೆ ಬಿದ್ದ ಮೇಲೆ ಒಳ್ಳೆಯ ಹಾಳೆ ದೊರೆಯುವುದಿಲ್ಲ. ಎಂದರೆ, ವರ್ಷದ ಬೇಡಿಕೆ ಎಷ್ಟಿರಬಹುದೆಂಬುದನ್ನು ಮೇ ತಿಂಗಳೊಳಗೆ ನಿರ್ಧರಿಸಲೇಬೇಕು. 2023ರ ಬೇಸಿಗೆಯ ಕೊನೆಯ ಮೂರು ತಿಂಗಳು ನಮಗೆ ಬಂದಷ್ಟು ಬೇಡಿಕೆ ಹಿಂದೆಂದೂ ಬಂದಿರಲಿಲ್ಲ. ಅದೇ ಓಟ ಮುಂದುವರಿಯುವುದೆಂದು ನಂಬಿ, ಸಾಲ ತೆಗೆದು ಹಾಳೆ ತುಂಬಿಸಿದೆ. ಮಳೆಗಾಲದ ನಂತರ ಬೇಡಿಕೆ ಹಳೆಯ ಮಟ್ಟಕ್ಕೆ ಮರಳಿತು. ಹಾಳೆಯ ಒಂದು ಪಾಲಿಗೆ ಬೂಷ್ಟು ಹಿಡಿಯಿತು. ಸಾಲದ ಬಡ್ಡಿ ಮಾತ್ರ ಹಾಗೆಯೇ ಉಳಿಯಿತು. ಅದೇ ವರ್ಷ ಬೆಂಗಳೂರಿನಲ್ಲಿರುವ ಸೋದರಳಿಯ, ತನ್ನ ಮೆಚ್ಚಿನ ಬೆಂಗಳೂರು ಎಫ್‌ಸಿ ತಂಡ ಈ ಸಲ ಮೊದಲ ಸ್ಥಾನಕ್ಕೇ ಬರುವುದೆಂದು ಹೇಳಿದ್ದ. ತಂಡ 12 ತಂಡಗಳ ಪೈಕಿ 10ನೆಯ ಸ್ಥಾನಕ್ಕೆ ಇಳಿಯಿತು. ದೀಪಾವಳಿಯ ಮರುವರ್ಷ ಇಬ್ಬರೂ ಕುಳಿತು ನೋಡಿದಾಗ ತಿಳಿದದ್ದು ಇಷ್ಟು: ನಾವಿಬ್ಬರೂ ಮಾಡಿದ ತಪ್ಪು ಒಂದೇ.

ಎಂಟು ಋತುಗಳ ಲೆಕ್ಕ

ಬೆಂಗಳೂರು ಎಫ್‌ಸಿ 2013ರಲ್ಲಿ ಸ್ಥಾಪನೆಯಾದ ಕ್ಲಬ್. ಮೊದಲು ಐ-ಲೀಗ್‌ನಲ್ಲಿ ಆಡಿ, 2017ರಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ ಸೇರಿತು. ಸೂಪರ್ ಲೀಗ್‌ನ ಲೀಗ್ ಹಂತದಲ್ಲಿ ಅದು ಗಳಿಸಿದ ಅಂಕಗಳು ಹೀಗಿವೆ:

2017-18: 18 ಪಂದ್ಯ, 40 ಅಂಕ, 1ನೆಯ ಸ್ಥಾನ (ಪಂದ್ಯಕ್ಕೆ 2.22)
2018-19: 18 ಪಂದ್ಯ, 34 ಅಂಕ, 1ನೆಯ ಸ್ಥಾನ (ಪಂದ್ಯಕ್ಕೆ 1.89)
2019-20: 18 ಪಂದ್ಯ, 30 ಅಂಕ, 3ನೆಯ ಸ್ಥಾನ (ಪಂದ್ಯಕ್ಕೆ 1.67)
2020-21: 20 ಪಂದ್ಯ, 22 ಅಂಕ, 7ನೆಯ ಸ್ಥಾನ (ಪಂದ್ಯಕ್ಕೆ 1.10)
2021-22: 20 ಪಂದ್ಯ, 29 ಅಂಕ, 6ನೆಯ ಸ್ಥಾನ (ಪಂದ್ಯಕ್ಕೆ 1.45)
2022-23: 20 ಪಂದ್ಯ, 34 ಅಂಕ, 4ನೆಯ ಸ್ಥಾನ (ಪಂದ್ಯಕ್ಕೆ 1.70)
2023-24: 22 ಪಂದ್ಯ, 22 ಅಂಕ, 10ನೆಯ ಸ್ಥಾನ (ಪಂದ್ಯಕ್ಕೆ 1.00)
2024-25: 24 ಪಂದ್ಯ, 38 ಅಂಕ, 3ನೆಯ ಸ್ಥಾನ (ಪಂದ್ಯಕ್ಕೆ 1.58)

ಇಲ್ಲಿ ಮೊದಲು ಗಮನಿಸಬೇಕಾದುದು ಕೊನೆಯ ಅಂಕಣ. ಋತುವಿನಿಂದ ಋತುವಿಗೆ ಪಂದ್ಯಗಳ ಸಂಖ್ಯೆ ಬದಲಾಗಿದೆ. 18 ಪಂದ್ಯಗಳ 34 ಅಂಕವೂ 20 ಪಂದ್ಯಗಳ 34 ಅಂಕವೂ ಒಂದೇ ಅಲ್ಲ. ಆದ್ದರಿಂದ ಹೋಲಿಕೆಗೆ ಮುನ್ನ ಪಂದ್ಯವೊಂದಕ್ಕೆ ಎಷ್ಟು ಅಂಕವೆಂಬ ಸಮಾನ ಅಳತೆಗೆ ತರಬೇಕು. ಶಿರಸಿಯ ವರ್ತಕರಿಗೆ ಇದು ಹೊಸ ಮಾತೇನಲ್ಲ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆಯ ವರ್ಷದ ಮಾರ್ಚ್ ತಿಂಗಳ ವಹಿವಾಟನ್ನು ಜಾತ್ರೆಯಿಲ್ಲದ ವರ್ಷದ ಮಾರ್ಚ್‌ನೊಡನೆ ಹೋಲಿಸಿ ವ್ಯಾಪಾರ ಕುಸಿಯಿತೆಂದು ಕೊರಗುವವರು ಯಾರೂ ಇಲ್ಲ. ಅಪ್ಪೆಮಿಡಿಯ ಉಪ್ಪಿನಕಾಯಿ ಮಾಡುವವರೂ ಮರ ಫಲ ಕೊಡುವ ವರ್ಷ ಮತ್ತು ಕೊಡದ ವರ್ಷಗಳನ್ನು ಬೇರೆ ಬೇರೆಯಾಗಿಯೇ ನೋಡುತ್ತಾರೆ. ಅಂದಾಜಿನ ಮೊದಲ ನಿಯಮ ಇದು: ಸಮಾನವಾದುದನ್ನು ಸಮಾನವಾದುದರೊಡನೆ ಹೋಲಿಸಬೇಕು.

ಕೊನೆಯ ತಿಂಗಳ ಭ್ರಮೆ

ಈಗ 2022-23ರ ಋತುವನ್ನು ಬಿಡಿಸಿ ನೋಡೋಣ. ಆ ಋತುವಿನ ಮೊದಲ 12 ಪಂದ್ಯಗಳಲ್ಲಿ ಬೆಂಗಳೂರು ಗಳಿಸಿದ್ದು ಕೇವಲ 10 ಅಂಕ. ಉಳಿದ 8 ಪಂದ್ಯಗಳನ್ನು ಸತತವಾಗಿ ಗೆದ್ದು 24 ಅಂಕ ಗಳಿಸಿತು. ಫೈನಲ್‌ವರೆಗೂ ಹೋಗಿ, 2023ರ ಮಾರ್ಚ್ 18ರಂದು ಗೋವೆಯಲ್ಲಿ ಪೆನಾಲ್ಟಿಗಳಲ್ಲಿ ಸೋತಿತು. ಋತು ಮುಗಿದಾಗ ಅಭಿಮಾನಿಗಳ ಮನಸ್ಸಿನಲ್ಲಿ ಉಳಿದದ್ದು ಕೊನೆಯ 8 ಪಂದ್ಯಗಳ ತಂಡ. ಆದರೆ ಮೊದಲ 12 ಪಂದ್ಯಗಳನ್ನು ಆಡಿದ್ದೂ ಅದೇ ತಂಡವೇ. ಪಂದ್ಯಕ್ಕೆ 0.83 ಅಂಕದ ತಂಡ, ಪಂದ್ಯಕ್ಕೆ 3 ಅಂಕದ ತಂಡ ಎಂದು ಎರಡು ತಂಡಗಳಿರಲಿಲ್ಲ. ಇದ್ದುದು 1.70ರ ಒಂದೇ ತಂಡ.

ಬೇಸಿಗೆಯ ಮೂರು ತಿಂಗಳ ಬೇಡಿಕೆ ನೋಡಿ ಹಾಳೆ ತುಂಬಿಸಿದ ನನ್ನದೂ ಇದೇ ಭ್ರಮೆ. ಮನುಷ್ಯನ ನೆನಪು ಇತ್ತೀಚಿನದಕ್ಕೆ ಹೆಚ್ಚು ತೂಕ ಕೊಡುತ್ತದೆ. ಖಾತೆಪುಸ್ತಕಕ್ಕೆ ಆ ದೋಷವಿಲ್ಲ. ಅದು ಹನ್ನೆರಡು ತಿಂಗಳನ್ನೂ ಒಂದೇ ಮಸಿಯಲ್ಲಿ ಬರೆಯುತ್ತದೆ. ಆದ್ದರಿಂದ ಅಂದಾಜಿಗೆ ಕುಳಿತಾಗ ನೆನಪನ್ನು ಬದಿಗಿಟ್ಟು ಪುಸ್ತಕವನ್ನು ತೆರೆಯಬೇಕು.

ಸರಾಸರಿಯ ಸೆಳೆತ

ಇಡೀ ಋತುವಿನ ಲೆಕ್ಕವನ್ನು ತೆಗೆದುಕೊಂಡರೂ ಮತ್ತೊಂದು ಅಪಾಯ ಉಳಿದಿರುತ್ತದೆ. ಕಳೆದ ವರ್ಷದಂತೆಯೇ ಈ ವರ್ಷವೂ ಆಗುವುದೆಂದು ತಿಳಿಯುವುದೇ ಆ ಅಪಾಯ. 2017-18ರಲ್ಲಿ ಲೀಗ್‌ನ ಚಾಂಪಿಯನ್ ಆದದ್ದು ಚೆನ್ನೈಯಿನ್ ಎಫ್‌ಸಿ. 18 ಪಂದ್ಯಗಳಲ್ಲಿ 40 ಅಂಕ ಗಳಿಸಿ ಪಟ್ಟಿಯ ಮೊದಲಲ್ಲಿದ್ದ ಬೆಂಗಳೂರನ್ನು ಕಂಠೀರವ ಕ್ರೀಡಾಂಗಣದಲ್ಲಿಯೇ 3-2ರಿಂದ ಸೋಲಿಸಿ ಅದು ಪ್ರಶಸ್ತಿ ಪಡೆಯಿತು. ಮರುವರ್ಷ ಅದೇ ಚೆನ್ನೈಯಿನ್ 18 ಪಂದ್ಯಗಳಲ್ಲಿ 9 ಅಂಕ ಮಾತ್ರ ಗಳಿಸಿ, 10 ತಂಡಗಳ ಪೈಕಿ ಕೊನೆಯ ಸ್ಥಾನಕ್ಕೆ ಬಿತ್ತು.

ಇದಕ್ಕೆ ಕಾರಣವುಂಟು. ಯಾವುದೇ ಒಳ್ಳೆಯ ಫಲಿತಾಂಶದಲ್ಲಿ ಸಾಮರ್ಥ್ಯದ ಪಾಲೂ ಇರುತ್ತದೆ, ಅದೃಷ್ಟದ ಪಾಲೂ ಇರುತ್ತದೆ. ಸಾಮರ್ಥ್ಯ ಮುಂದಿನ ವರ್ಷಕ್ಕೆ ಬಹುಮಟ್ಟಿಗೆ ಉಳಿಯುತ್ತದೆ, ಅದೃಷ್ಟ ಉಳಿಯುವುದಿಲ್ಲ. ಆದ್ದರಿಂದ ತೀರ ಮೇಲಿದ್ದವರು ಸ್ವಲ್ಪ ಕೆಳಗೆ, ತೀರ ಕೆಳಗಿದ್ದವರು ಸ್ವಲ್ಪ ಮೇಲೆ ಸರಿಯುವುದು ಸಹಜ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿಗಳ ಎತ್ತರವನ್ನೂ ಮಕ್ಕಳ ಎತ್ತರವನ್ನೂ ಅಳೆದ ಲೆಕ್ಕಗಳಿಂದ ಇದನ್ನು ತೋರಿಸಿದರು. ಬಹಳ ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರವಾಗಿಯೇ ಇರುತ್ತಾರೆ, ಆದರೆ ಸಾಮಾನ್ಯವಾಗಿ ತಂದೆತಾಯಿಗಳಷ್ಟಲ್ಲ. ಇದನ್ನು ಸರಾಸರಿಯ ಸೆಳೆತ ಎನ್ನಬಹುದು.

ಈ ಸೆಳೆತವನ್ನು ಲೆಕ್ಕಕ್ಕೆ ತರುವುದು ಹೇಗೆ? ಫಲಿತಾಂಶ ಬಂದ ಪಂದ್ಯವೊಂದರಿಂದ ಎರಡೂ ತಂಡಗಳಿಗೆ ಸೇರಿ 3 ಅಂಕ ಹಂಚಿಕೆಯಾಗುತ್ತದೆ, ಸಮವಾದರೆ 2 ಅಂಕ. ನಾಲ್ಕರಲ್ಲಿ ಒಂದು ಪಂದ್ಯ ಸಮವಾಗುತ್ತದೆಂದು ಇಟ್ಟುಕೊಂಡರೆ, ಸಾಧಾರಣ ತಂಡವೊಂದಕ್ಕೆ ಪಂದ್ಯಕ್ಕೆ ಸುಮಾರು 1.38 ಅಂಕ ಬರುತ್ತದೆ. ಈಗ ಎರಡು ವಿಧಾನಗಳನ್ನು ಪರೀಕ್ಷಿಸೋಣ. ಮೊದಲನೆಯದು, ಕಳೆದ ಋತುವಿನ ದರವೇ ಮುಂದುವರಿಯುವುದೆಂಬ ವಿಧಾನ. ಎರಡನೆಯದು, ಕಳೆದ ಋತುವಿನ ದರಕ್ಕೂ 1.38ಕ್ಕೂ ನಡುವಿನ ದರವನ್ನು ಹಿಡಿಯುವ ವಿಧಾನ. ಇದನ್ನು ಅರ್ಧ ವಿಧಾನವೆಂದು ಕರೆಯೋಣ. ದಶಾಂಶಗಳನ್ನು ಪೂರ್ತಿ ಇಟ್ಟು ಲೆಕ್ಕ ಹಾಕಿ, ಕೊನೆಗೆ ಪೂರ್ಣಾಂಕಕ್ಕೆ ತಂದಾಗ ದೊರೆತ ಫಲ ಹೀಗಿದೆ:

2018-19: ಮೊದಲ ವಿಧಾನ 40, ಅರ್ಧ ವಿಧಾನ 32, ವಾಸ್ತವ 34
2019-20: ಮೊದಲ ವಿಧಾನ 34, ಅರ್ಧ ವಿಧಾನ 29, ವಾಸ್ತವ 30
2020-21: ಮೊದಲ ವಿಧಾನ 33, ಅರ್ಧ ವಿಧಾನ 30, ವಾಸ್ತವ 22
2021-22: ಮೊದಲ ವಿಧಾನ 22, ಅರ್ಧ ವಿಧಾನ 25, ವಾಸ್ತವ 29
2022-23: ಮೊದಲ ವಿಧಾನ 29, ಅರ್ಧ ವಿಧಾನ 28, ವಾಸ್ತವ 34
2023-24: ಮೊದಲ ವಿಧಾನ 37, ಅರ್ಧ ವಿಧಾನ 34, ವಾಸ್ತವ 22
2024-25: ಮೊದಲ ವಿಧಾನ 24, ಅರ್ಧ ವಿಧಾನ 29, ವಾಸ್ತವ 38

ಏಳು ಋತುಗಳ ಪೈಕಿ ಆರರಲ್ಲಿ ಅರ್ಧ ವಿಧಾನವೇ ವಾಸ್ತವಕ್ಕೆ ಹತ್ತಿರವಾಗಿದೆ. 2022-23ರಲ್ಲಿ ಮಾತ್ರ ಒಂದು ಅಂಕದಿಂದ ಹಿಂದೆ ಬಿದ್ದಿದೆ. ತಪ್ಪುಗಳನ್ನು ಕೂಡಿಸಿದರೆ ಮೊದಲ ವಿಧಾನದ್ದು 62 ಅಂಕ, ಅರ್ಧ ವಿಧಾನದ್ದು 42 ಅಂಕ. ಇದು ಒಂದೇ ತಂಡದ ಏಳು ಋತುಗಳ ಲೆಕ್ಕ; ಇಷ್ಟರಿಂದಲೇ ಸಿದ್ಧಾಂತ ಕಟ್ಟಬೇಕಾಗಿಲ್ಲ. ಆದರೆ ಆಟಗಾರರ ಹೆಸರಾಗಲಿ ತರಬೇತುದಾರರ ಹೆಸರಾಗಲಿ ಗೊತ್ತಿಲ್ಲದೆ, ಪೆನ್ಸಿಲ್ ಮತ್ತು ಕಾಗದದಿಂದ ಮಾಡಿದ ಲೆಕ್ಕವೊಂದು ತಪ್ಪನ್ನು ಮೂರನೆಯ ಒಂದು ಪಾಲಿನಷ್ಟು ಕಡಿಮೆ ಮಾಡಿತೆಂಬುದು ಗಮನಾರ್ಹ.

ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿ ಈ ಪಟ್ಟಿಯಲ್ಲಿದೆ. ಉತ್ತಮವೆನಿಸಿದ ವಿಧಾನವೂ ಋತುವೊಂದಕ್ಕೆ ಸರಾಸರಿ 6 ಅಂಕ, ಎಂದರೆ ಎರಡು ಗೆಲುವುಗಳಷ್ಟು ತಪ್ಪಿದೆ. ಅಂದಾಜಿನ ಹಿಂದೆ ಮುಂದೆ 6 ಅಂಕಗಳ ಅಂತರ ಬಿಟ್ಟರೂ ವಾಸ್ತವ ಆ ಮಿತಿಯೊಳಗೆ ಬಿದ್ದದ್ದು ಏಳರಲ್ಲಿ ನಾಲ್ಕು ಬಾರಿ ಮಾತ್ರ. ಆದ್ದರಿಂದ ಒಂದೇ ಸಂಖ್ಯೆಯನ್ನು ಹೇಳಿ ಸುಮ್ಮನಾಗುವ ಅಂದಾಜು ಅಪೂರ್ಣವಾದುದು. ಇಷ್ಟರಿಂದ ಇಷ್ಟರವರೆಗೆ ಎಂದು ಹೇಳಬೇಕು. ಅದರ ಆಚೆಗೆ ಹೋದರೆ ಏನು ಮಾಡುವೆವೆಂಬುದನ್ನೂ ಮೊದಲೇ ಯೋಚಿಸಿಟ್ಟಿರಬೇಕು.

ಒಂದು ಗೋಲಿನ ಬೆಲೆ

ಅದೃಷ್ಟದ ಪಾಲು ಎಷ್ಟು ದೊಡ್ಡದಿರಬಹುದೆಂಬುದಕ್ಕೆ ಬೆಂಗಳೂರಿನವರು ಮರೆಯಲಾರದ ನಿದರ್ಶನವೊಂದಿದೆ. 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಐ-ಲೀಗ್‌ನ ಕೊನೆಯ ಪಂದ್ಯ. ಎದುರಾಳಿ ಕೋಲ್ಕತ್ತದ ಮೋಹನ್ ಬಾಗನ್. ಬೆಂಗಳೂರು ಗೆದ್ದರೆ ಚಾಂಪಿಯನ್, ಸಮವಾದರೆ ಬಾಗನ್ ಚಾಂಪಿಯನ್. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಅವರ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೆಯ ನಿಮಿಷದಲ್ಲಿ ಬಾಗನ್‌ನ ಬೆಲ್ಲೊ ರಜಾಕ್ ಚೆಂಡಿಗೆ ತಲೆಗೊಟ್ಟು ಗೋಲು ಹೊಡೆದರು. ಪಂದ್ಯ 1-1ರಿಂದ ಸಮವಾಯಿತು. ಅಂತಿಮವಾಗಿ ಬಾಗನ್‌ಗೆ 39 ಅಂಕ, ಬೆಂಗಳೂರಿಗೆ 37. ಆ ಒಂದು ಚೆಂಡು ಬಲೆಯ ಹೊರಗೆ ಹೋಗಿದ್ದರೆ ಬೆಂಗಳೂರಿಗೆ 39, ಬಾಗನ್‌ಗೆ 38 ಆಗುತ್ತಿತ್ತು.

20 ಪಂದ್ಯಗಳ ದುಡಿಮೆಯ ಫಲ ಒಂದು ಕ್ಷಣದಲ್ಲಿ ಬದಲಾಯಿತು. ಬೆಂಗಳೂರು ಚಾಂಪಿಯನ್ ಆಗುವುದೆಂದು ಋತುವಿನ ಮೊದಲೇ ಹೇಳಿದ್ದವರ ಅಂದಾಜು ತಪ್ಪಾಯಿತು ನಿಜ. ಆದರೆ ಅವರ ವಿಚಾರ ತಪ್ಪಾಗಿತ್ತೆಂದು ಹೇಳಲು ಬರುವುದಿಲ್ಲ. ಇದೇ ರೀತಿ, ಧಾರಣೆ ಏರಿದ್ದರಿಂದ ಲಾಭ ಬಂದ ವ್ಯಾಪಾರಿಯ ಲೆಕ್ಕ ಸರಿಯಾಗಿತ್ತೆಂದೂ ಹೇಳಲಾಗದು. ಫಲದಿಂದ ಮಾತ್ರ ವಿಚಾರವನ್ನು ಅಳೆದರೆ ಕಲಿಯುವ ಪಾಠ ತಪ್ಪಾಗುತ್ತದೆ. ಒಂದು ವರ್ಷದ ಲಾಭದಿಂದ ತಾನು ಪೇಟೆಯ ನಾಡಿ ಬಲ್ಲೆನೆಂದು ಭಾವಿಸಿ, ಮರುವರ್ಷ ಮೂರು ಪಟ್ಟು ಮುಂಗಡ ಕೊಟ್ಟು ಕೈಸುಟ್ಟುಕೊಂಡವರು ಎಲ್ಲ ಪೇಟೆಗಳಲ್ಲಿಯೂ ಇದ್ದಾರೆ.

ಹೊಸ ಸುದ್ದಿಗೆ ಎಷ್ಟು ತೂಕ?

ಹಳೆಯ ಲೆಕ್ಕದ ನಂತರ ಹೊಸ ಸುದ್ದಿಯ ಸರದಿ. ಯಾವ ಆಟಗಾರ ಬಂದ, ಯಾರು ಹೋದರು, ತರಬೇತುದಾರರು ಬದಲಾದರೇ? ಇವುಗಳಿಗೆ ಬೆಲೆಯುಂಟು. ಆದರೆ ಸುದ್ದಿಯ ಸದ್ದಿಗೂ ಅದರ ತೂಕಕ್ಕೂ ಸಂಬಂಧವಿರಬೇಕೆಂದಿಲ್ಲ. 2024-25ರ ಋತು ಆರಂಭವಾಗುವ ಮುನ್ನ ಬೆಂಗಳೂರಿನ ನಾಯಕ ಸುನಿಲ್ ಛೆಟ್ರಿ ಅವರಿಗೆ 40 ವರ್ಷ ತುಂಬಿತ್ತು. ಆ ವಯಸ್ಸನ್ನು ನೋಡಿದವರು ಅಂದಾಜನ್ನು ಇಳಿಸುವುದು ಸಹಜ. ಆದರೆ ಆ ಋತುವಿನಲ್ಲಿ ಅವರು 14 ಗೋಲು ಹೊಡೆದರು. ಭಾರತೀಯ ಆಟಗಾರರಲ್ಲಿ ಅದೇ ಅತಿ ಹೆಚ್ಚು. ತಂಡ 10ನೆಯ ಸ್ಥಾನದಿಂದ 3ಕ್ಕೆ ಏರಿ ಫೈನಲ್ ಆಡಿತು. ಒಂದು ಸುದ್ದಿಗೆ ಎರಡು ಮೂರು ಅಂಕಗಳಿಗಿಂತ ಹೆಚ್ಚಿನ ಬದಲಾವಣೆ ಮಾಡಬಾರದು, ಎಲ್ಲ ಸುದ್ದಿಗಳೂ ಸೇರಿ ಆರು ಅಂಕ ಮೀರಬಾರದು ಎಂಬ ಮಿತಿಯನ್ನು ನಾವಿಬ್ಬರೂ ಈಗ ಪಾಲಿಸುತ್ತಿದ್ದೇವೆ. ಇದು ಶಾಸ್ತ್ರದ ನಿಯಮವಲ್ಲ, ಕಡಿವಾಣ.

ಹಳೆಯ ಲೆಕ್ಕವೇ ಇಲ್ಲದಿದ್ದರೆ? 2013-14ರಲ್ಲಿ ಬೆಂಗಳೂರು ಎಫ್‌ಸಿ ಐ-ಲೀಗ್‌ಗೆ ನೇರವಾಗಿ ಪ್ರವೇಶ ಪಡೆದ ಹೊಚ್ಚಹೊಸ ಕ್ಲಬ್ ಆಗಿತ್ತು. ತರಬೇತುದಾರರು ಆಶ್ಲಿ ವೆಸ್ಟ್‌ವುಡ್. ಮೊದಲ ಋತುವಿನಲ್ಲಿಯೇ 24 ಪಂದ್ಯಗಳಲ್ಲಿ 47 ಅಂಕ ಗಳಿಸಿ, 13 ತಂಡಗಳ ಲೀಗ್‌ನಲ್ಲಿ ಚಾಂಪಿಯನ್ ಆಯಿತು. ಹಿಂದಿನ ದಾಖಲೆಯಿಲ್ಲದ ತಂಡದ ಬಗ್ಗೆ ಸರಾಸರಿಯಿಂದಲೇ ಹೊರಡಬೇಕು, ಆದರೆ ವ್ಯಾಪ್ತಿಯನ್ನು ಬಹಳ ವಿಶಾಲವಾಗಿ ಇಡಬೇಕು. ಹೊಸ ಉತ್ಪನ್ನವನ್ನು ಪೇಟೆಗೆ ತರುವ ಉದ್ದಿಮೆದಾರನ ಸ್ಥಿತಿಯೂ ಇದೇ.

ಅಪರೂಪದ ಘಟನೆಗಳು ನಡೆಯುವುದೇ ಇಲ್ಲವೆಂದು ತಿಳಿಯುವುದೂ ತಪ್ಪು. ಮಿಜೋರಾಮಿನ ಐಜ್ವಾಲ್ ಎಫ್‌ಸಿ 2015-16ರಲ್ಲಿ 9 ತಂಡಗಳ ಪೈಕಿ 8ನೆಯದಾಗಿ ಕೆಳ ದರ್ಜೆಗೆ ಇಳಿಯಬೇಕಾಗಿತ್ತು. ಗೋವೆಯ ಕ್ಲಬ್‌ಗಳು ಹಿಂದೆ ಸರಿದುದರಿಂದ ಅದಕ್ಕೆ ಮತ್ತೆ ಅವಕಾಶ ದೊರೆಯಿತು; 2016-17ರಲ್ಲಿ ಬಾಗನ್‌ಗಿಂತ ಒಂದು ಅಂಕ ಹೆಚ್ಚು ಗಳಿಸಿ ಚಾಂಪಿಯನ್ ಆಯಿತು. ಇಂಗ್ಲೆಂಡಿನ ಲೆಸ್ಟರ್ ಸಿಟಿ 2014-15ರಲ್ಲಿ 14ನೆಯ ಸ್ಥಾನದಲ್ಲಿತ್ತು. ಅದು ಗೆಲ್ಲುವುದೆಂದು ಹೇಳುವವರಿಗೆ ಅಲ್ಲಿಯ ಪಣದ ಅಂಗಡಿಗಳು ಒಂದಕ್ಕೆ 5000ದಷ್ಟು ಕೊಡಲು ಸಿದ್ಧವಾಗಿದ್ದವು. 2015-16ರಲ್ಲಿ ಆ ತಂಡವೇ ಚಾಂಪಿಯನ್ ಆಯಿತು. ಮರುವರ್ಷ 12ನೆಯ ಸ್ಥಾನಕ್ಕೆ ಮರಳಿತು ಎಂಬುದನ್ನೂ ಜೊತೆಗೇ ನೆನಪಿಡಬೇಕು. ಅಪರೂಪದ್ದು ನಡೆಯುತ್ತದೆ, ಆದರೆ ಅದನ್ನೇ ನಂಬಿ ಸಾಲ ಮಾಡುವುದು ಜಾಣತನವಲ್ಲ.

ನಿಯಮವೇ ಬದಲಾದಾಗ

ಇಲ್ಲಿಯವರೆಗಿನ ಲೆಕ್ಕವೆಲ್ಲ ಆಟದ ಚೌಕಟ್ಟು ಸ್ಥಿರವಾಗಿರುತ್ತದೆಂಬ ನಂಬಿಕೆಯ ಮೇಲೆ ನಿಂತಿದೆ. 2025ರಲ್ಲಿ ಆ ಚೌಕಟ್ಟೇ ಅಲುಗಾಡಿತು. ಲೀಗ್ ನಡೆಸುವ ಹಕ್ಕಿನ ಒಪ್ಪಂದ ಕೊನೆಗೊಳ್ಳುವುದಿತ್ತು, ನವೀಕರಣ ಆಗಲಿಲ್ಲ. 2025-26ರ ಋತು ಎಂದಿನ ಸಮಯಕ್ಕೆ ಆರಂಭವಾಗದೆ ತಿಂಗಳುಗಟ್ಟಲೆ ಮುಂದೆ ಹೋಯಿತು. ಕೊನೆಗೆ 14 ತಂಡಗಳು, ಒಟ್ಟು 91 ಪಂದ್ಯಗಳು, 2026ರ ಫೆಬ್ರವರಿ 14ರಿಂದ ಎಂದು ಆ ವರ್ಷದ ಜನವರಿಯಲ್ಲಿ ಪ್ರಕಟವಾಯಿತು. ಎಂದರೆ ತಂಡವೊಂದಕ್ಕೆ 24ರ ಬದಲು 13 ಪಂದ್ಯ. ಪಂದ್ಯಗಳು ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚಾಗುತ್ತದೆ, ಅಂದಾಜಿನ ವ್ಯಾಪ್ತಿಯನ್ನು ಇನ್ನೂ ಹಿಗ್ಗಿಸಬೇಕಾಗುತ್ತದೆ.

ನಮ್ಮ ವ್ಯಾಪಾರದಲ್ಲಿ ಇಂಥ ಅಲುಗಾಟ ಹೊಸದಲ್ಲ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಗಳಿಂದ 351ಕ್ಕೆ ಏರಿಸಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಅಡಿಕೆ ಹಾಳೆಯ ತಟ್ಟೆಗಳ ಬಗ್ಗೆ ಆಕ್ಷೇಪವೆತ್ತಿ ಅವುಗಳ ಆಮದಿಗೆ ತಡೆಯೊಡ್ಡಿತು. ಇವನ್ನು ಯಾವ ಹಳೆಯ ಖಾತೆಪುಸ್ತಕವೂ ಮುಂಚಿತವಾಗಿ ಹೇಳಲಾರದು. ಆದರೆ ತನ್ನ ಮಾರಾಟದ ಎಷ್ಟು ಪಾಲು ಒಂದೇ ದೇಶದ, ಒಂದೇ ಗ್ರಾಹಕನ ಅಥವಾ ಒಂದೇ ಆದೇಶದ ಮೇಲೆ ನಿಂತಿದೆ ಎಂಬುದನ್ನು ಪುಸ್ತಕ ಖಂಡಿತವಾಗಿ ಹೇಳುತ್ತದೆ.

ಅಂಗಡಿಗೆ ಅನ್ವಯ: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಅರ್ಧ ವಿಧಾನವನ್ನು ಎಲ್ಲಿಯೂ ಕಣ್ಣುಮುಚ್ಚಿ ಬಳಸಬಾರದು. ಮಾರಾಟವಾಗುವ ಪ್ರಮಾಣ, ಬರುವ ಬೇಡಿಕೆ, ಕೆಡುವ ಮಾಲಿನ ಪಾಲು, ಉದ್ದರಿ ವಸೂಲಾಗುವ ಪಾಲು ಮುಂತಾದವುಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಇವೆಲ್ಲ ತಮ್ಮದೇ ಆದ ಒಂದು ಮಟ್ಟದ ಸುತ್ತ ಏರಿಳಿಯುವಂಥವು. ಧಾರಣೆಗೆ ಮಾತ್ರ ಅದನ್ನು ಹಾಗೆಯೇ ಅನ್ವಯಿಸಲಾಗದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ತಂಡವೊಂದು ಗಳಿಸಬಹುದಾದ ಅಂಕಕ್ಕೆ ಮಿತಿಯಿದೆ. ಧಾರಣೆಗೆ ಅಂಥ ಮೇಲ್ಮಿತಿಯಿಲ್ಲ. ಹಳೆಯ ಸರಾಸರಿಗೆ ಅದು ಮರಳಲೇಬೇಕೆಂಬ ಕಟ್ಟೂ ಇಲ್ಲ. ಎರಡನೆಯದಾಗಿ, ಅಭಿಮಾನಿಗಳ ಅಂದಾಜಿನಿಂದ ಪಂದ್ಯದ ಫಲ ಬದಲಾಗುವುದಿಲ್ಲ. ವ್ಯಾಪಾರಿಗಳ ಅಂದಾಜಿನಿಂದ ಧಾರಣೆ ಬದಲಾಗುತ್ತದೆ. ಏರುವುದೆಂದು ಎಲ್ಲರೂ ರಾಶಿ, ಚಾಲಿಯನ್ನು ಹಿಡಿದಿಟ್ಟರೆ ಇಂದು ಏರುತ್ತದೆ. ಹಿಡಿದಿಟ್ಟದ್ದು ಒಮ್ಮೆಗೇ ಪೇಟೆಗೆ ಬಂದ ದಿನ ಇಳಿಯುತ್ತದೆ. ಆದ್ದರಿಂದ ಧಾರಣೆಯ ವಿಷಯದಲ್ಲಿ ಅಂದಾಜಿಗಿಂತ ಎಚ್ಚರವೇ ಲೇಸು.

ಪ್ರಮಾಣದ ಅಂದಾಜಿಗೆ ಒಂದು ಉದಾಹರಣೆ ನೋಡೋಣ. ತಟ್ಟೆಯ ಘಟಕವೊಂದು ಕಳೆದ ವರ್ಷ 6 ಲಕ್ಷ ತಟ್ಟೆ ಮಾರಿದೆ, ಅದರ ಹಿಂದಿನ ಐದು ವರ್ಷಗಳ ಸರಾಸರಿ 4 ಲಕ್ಷ ಎಂದಿಟ್ಟುಕೊಳ್ಳಿ. ಅರ್ಧ ವಿಧಾನದಂತೆ ಈ ವರ್ಷದ ಅಂದಾಜು 5 ಲಕ್ಷ. ಹಿಂದಿನ ಏರಿಳಿತಗಳನ್ನು ನೋಡಿ ವ್ಯಾಪ್ತಿಯನ್ನು 4ರಿಂದ 6 ಲಕ್ಷವೆಂದು ಬರೆದುಕೊಳ್ಳಬೇಕು. ಈಗ ಕೇಳಬೇಕಾದ ಪ್ರಶ್ನೆ ಎಷ್ಟು ಮಾರಾಟವಾದೀತು ಎಂಬುದಲ್ಲ. 3 ಲಕ್ಷ ಮಾತ್ರ ಮಾರಾಟವಾದರೂ ಸಾಲದ ಕಂತು ಕಟ್ಟಲು, ಕೆಲಸಗಾರರ ಸಂಬಳ ಕೊಡಲು ಸಾಧ್ಯವೇ ಎಂಬುದು. ಸಾಧ್ಯವಿಲ್ಲವಾದರೆ ಸಾಲದ ಹಣದಿಂದ 5 ಲಕ್ಷಕ್ಕೆ ಹಾಳೆ ಕೊಳ್ಳುವುದು ತಪ್ಪು. ಅಂದಾಜು ಸರಿಯಾಗಿದ್ದರೂ ತಪ್ಪು. 4 ಲಕ್ಷಕ್ಕೆ ಸಾಲುವಷ್ಟು ಕೊಂಡು, ಹೆಚ್ಚಿನ ಬೇಡಿಕೆ ಬಂದರೆ ನೆರೆಯ ಘಟಕದಿಂದ ತಟ್ಟೆ ಪಡೆಯುವ ಮಾತುಕತೆಯನ್ನು ಬೇಸಿಗೆಯಲ್ಲಿಯೇ ಮಾಡಿಟ್ಟುಕೊಳ್ಳಬಹುದು. ಇದರಿಂದ ಲಾಭದಲ್ಲಿ ಒಂದು ಪಾಲು ನೆರೆಯವರಿಗೆ ಹೋಗುತ್ತದೆ. ಆ ಪಾಲು ನಷ್ಟವಲ್ಲ, ವಿಮೆಯ ಕಂತು. 2023ರಲ್ಲಿ ಈ ಕಂತನ್ನು ಉಳಿಸಲು ಹೋಗಿ ನಾನು ಕಳೆದುಕೊಂಡದ್ದು ಅದರ ಹಲವು ಪಟ್ಟು.

ಪುಸ್ತಕದ ಒಂದು ಪುಟ

ಹಂಗಾಮಿಗೆ ಮುನ್ನ ಪ್ರತಿಯೊಬ್ಬ ವ್ಯಾಪಾರಿಯೂ ಖಾತೆಪುಸ್ತಕದ ಒಂದು ಪುಟವನ್ನು ಅಂದಾಜಿಗೆ ಮೀಸಲಿಡಬೇಕೆಂಬುದು ನಮ್ಮ ಸಲಹೆ. ಅದರಲ್ಲಿ ಐದು ಸಂಗತಿಗಳಿದ್ದರೆ ಸಾಕು. ಒಂದು, ಬರೆದ ದಿನಾಂಕ. ಎರಡು, ಹಲವು ವರ್ಷಗಳ ಸರಾಸರಿ ಮತ್ತು ಕಳೆದ ವರ್ಷದ ಸಂಖ್ಯೆ. ಮೂರು, ಈ ವರ್ಷದ ಅಂದಾಜು ಮತ್ತು ಅದರ ವ್ಯಾಪ್ತಿ. ನಾಲ್ಕು, ಸರಾಸರಿಯಿಂದ ಮೇಲೆ ಅಥವಾ ಕೆಳಗೆ ಸರಿಯಲು ಕಾರಣವಾದ ಸುದ್ದಿಗಳು. ಐದು, ಈ ಅಂದಾಜಿನ ಆಧಾರದ ಮೇಲೆ ಮಾಡಿದ ಖರೀದಿ, ಕೊಟ್ಟ ಮುಂಗಡ, ತೆಗೆದ ಸಾಲ. ಹಂಗಾಮು ಮುಗಿದ ಮೇಲೆ ಅದೇ ಪುಟದ ಕೆಳಗೆ ವಾಸ್ತವವನ್ನು ಬರೆಯಬೇಕು. ಪುಟವನ್ನು ಹರಿಯಬಾರದು, ತಿದ್ದಬಾರದು. ಮೂರು ನಾಲ್ಕು ವರ್ಷಗಳ ಪುಟಗಳು ಸೇರಿದಾಗ ನಾವು ಯಾವಾಗಲೂ ಹೆಚ್ಚು ಅಂದಾಜು ಮಾಡುವವರೇ, ಕಡಿಮೆ ಮಾಡುವವರೇ, ಯಾರ ಮಾತಿಗೆ ಅತಿಯಾದ ತೂಕ ಕೊಡುತ್ತೇವೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಒಂದು ಎಚ್ಚರಿಕೆಯ ಮಾತು. ಪಂದ್ಯಗಳ ಅಂದಾಜು ಮಾಡುವುದನ್ನು ಇಲ್ಲಿ ಸೂಚಿಸಿರುವುದು ಅಭ್ಯಾಸಕ್ಕಾಗಿ, ಪಣಕ್ಕಾಗಿ ಅಲ್ಲ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರದ 2025ರ ಕಾಯ್ದೆ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ, ಪೆನ್ಸಿಲ್ಲಿನಿಂದ ಎಂಟು ಋತುಗಳ ಲೆಕ್ಕ ಹಾಕಿದ ಯಾರಿಗಾದರೂ ಒಂದು ವಿಷಯ ಸ್ಪಷ್ಟವಾಗುತ್ತದೆ: ಋತುವೊಂದಕ್ಕೆ ಸರಾಸರಿ ಎರಡು ಗೆಲುವುಗಳಷ್ಟು ತಪ್ಪುವ ಅಂದಾಜಿನ ಮೇಲೆ ಮನೆಯ ಹಣ ಇಡುವುದು ವಿವೇಕವಲ್ಲ.

ಮುಂದಿನ ಫುಟ್‌ಬಾಲ್ ಋತು ಆರಂಭವಾಗುವ ಮುನ್ನ ವಾಚಕರು ತಮಗಿಷ್ಟವಾದ ತಂಡವೊಂದನ್ನು ಆರಿಸಿ, ಅದರ ಕಳೆದ ಋತುವಿನ ಅಂಕವನ್ನು ಪಂದ್ಯಗಳಿಂದ ಭಾಗಿಸಿ, 1.38ರೊಡನೆ ಕೂಡಿಸಿ, ಅರ್ಧ ಮಾಡಿ, ಮುಂದಿನ ಪಂದ್ಯಗಳ ಸಂಖ್ಯೆಯಿಂದ ಗುಣಿಸಿ ಒಂದು ಕಾಗದದಲ್ಲಿ ಬರೆದಿಡಬಹುದು. ಹೈಸ್ಕೂಲಿನ ಮಕ್ಕಳು ಹತ್ತು ನಿಮಿಷದಲ್ಲಿ ಮಾಡುವ ಲೆಕ್ಕವಿದು. ನಮ್ಮ ಮನೆಯಲ್ಲಿ ಸೋದರಳಿಯ ತಂಡದ ಅಂದಾಜನ್ನೂ ನಾನು ತಟ್ಟೆಯ ಅಂದಾಜನ್ನೂ ಈಗ ಒಂದೇ ಪುಸ್ತಕದಲ್ಲಿ ಎದುರುಬದುರು ಪುಟಗಳಲ್ಲಿ ಬರೆಯುತ್ತೇವೆ. ಇಬ್ಬರದೂ ತಪ್ಪುತ್ತದೆ. ಆದರೆ ಎಷ್ಟು ತಪ್ಪಿತೆಂಬುದು ಇಬ್ಬರಿಗೂ ತಿಳಿಯುತ್ತದೆ. ಆ ತಪ್ಪನ್ನು ತಡೆದುಕೊಳ್ಳುವಷ್ಟು ಹಾಳೆಯನ್ನು ಮಾತ್ರ ಈಗ ಉಗ್ರಾಣದಲ್ಲಿ ತುಂಬಿಸುತ್ತಿದ್ದೇನೆ.